ಮಹಿಷಾಸುರ ಬರುವ ದಾರಿಯಲ್ಲಿ ಒಂದು ಪುಟ್ಟ ಕ್ಯಾಮೆರಾ

ಯಕ್ಷಗಾನದ ದೇವಿ ಮಹಾತ್ಮೆ ಆಟದಲ್ಲಿ ಮಹಿಷಾಸುರ ಎಲ್ಲ ವೇಷಗಳ ಹಾಗೆ ಬಣ್ಣ ಹಚ್ಚುವ ಚೌಕಿಯಿಂದ ನೇರ ರಂಗಸ್ಥಳಕ್ಕೆ ಬರುವುದಿಲ್ಲ. ಮೊದಲು ಸಭೆಯ ಹಿಂದೆ, ಗದ್ದೆಯ ಆಚೆ ಬದಿಯ ಕತ್ತಲಲ್ಲಿ ಆರ್ಭಟ ಕೇಳುತ್ತದೆ. ತೂಕಡಿಸುತ್ತಿದ್ದವರು ಎದ್ದು ತಿರುಗುತ್ತಾರೆ, ಮಕ್ಕಳು ಅಮ್ಮನ ಸೆರಗಿನೊಳಗೆ ನುಸುಳುತ್ತವೆ. ದೊಂದಿಗೆ ರಾಳದ ಹುಡಿ ಎರಚಿದಾಗ ಭಗ್ಗನೆ ಬೆಂಕಿ ಏಳುತ್ತದೆ. ಆ ಬೆಳಕಿನಲ್ಲಿ ಎರಡು ಕೋಡು, ಬಣ್ಣ ಬಳಿದ ದೊಡ್ಡ ಮುಖ, ತೆರೆದ ಬಾಯಿ ಒಂದು ಗಳಿಗೆ ಕಂಡು ಮತ್ತೆ ಎಲ್ಲ ಕತ್ತಲು. ಚಂಡೆ ಏರುತ್ತಿರುತ್ತದೆ, ಅವನು ನಮ್ಮ ಕಡೆಗೇ ಬರುತ್ತಿರುತ್ತಾನೆ.

ಮೇಳದ ಮೂರು ವರ್ಷದ ತಿರುಗಾಟಗಳಲ್ಲಿ ಆ ದಾರಿಯ ಬದಿಯಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೇನೆ. ಮೊದಲನೇ ವರ್ಷ ಸಿಕ್ಕಿದ್ದು ಕೆಂಪು ಬಣ್ಣದ ಒಂದು ಗೀರು. ಎರಡನೇ ವರ್ಷ ಹಿಂದಿನ ತೆಂಗಿನಮರ ಸ್ಪಷ್ಟ, ಮಹಿಷ ಮಸುಕು. ಮೂರನೇ ವರ್ಷ ಶಟರ್ ಬಟನ್ ಒತ್ತಿದರೂ ಕ್ಯಾಮೆರಾ ಕ್ಲಿಕ್ ಅನ್ನಲೇ ಇಲ್ಲ. ಲೆನ್ಸ್ ಫೋಕಸ್ ಹುಡುಕುತ್ತ ಹಿಂದೆ ಮುಂದೆ ಓಡಿತು, ಅಷ್ಟರಲ್ಲಿ ಅವನು ನನ್ನನ್ನು ದಾಟಿ ಹೋಗಿದ್ದ.

ಬೆಂಗಳೂರಿನಿಂದ ಮಗ ಫೋನ್ ಮಾಡಿದಾಗ ಇದನ್ನು ಹೇಳಿಕೊಂಡೆ. "ಅಪ್ಪಾ, ಹೊಸತು ತಗೊಳ್ಳಿ. ದುಡ್ಡು ನಾನು ಹಾಕ್ತೇನೆ. ಯಾವುದು ಬೇಕು ಅಂತ ಹೇಳಿ, ಸಾಕು" ಎಂದ. ಯಾವುದು ಬೇಕು ಎಂದು ಹೇಳಲು ನನಗೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದಲ್ಲಿ ನಾನು ಕಲಿತದ್ದು ಮೊದಲ ಕ್ಯಾಮೆರಾ ಕೊಂಡು ಮೂರ್ನಾಲ್ಕು ವರ್ಷವಾದ ಯಾರಿಗಾದರೂ ಉಪಯೋಗಕ್ಕೆ ಬರಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ನನ್ನದು ಕ್ಯಾನನ್ ಇಒಎಸ್ 200ಡಿ. ಪುಟ್ಟ ಡಿಎಸ್‌ಎಲ್‌ಆರ್‌ಗಳಲ್ಲೊಂದು. ಕ್ಯಾನನ್ ಈ ಪುಟ್ಟ ಸಾಲನ್ನು 2013ರಲ್ಲಿ 407 ಗ್ರಾಂ ತೂಕದ 100ಡಿಯಿಂದ ಆರಂಭಿಸಿತು. 2017ರಲ್ಲಿ 200ಡಿ, 2019ರಲ್ಲಿ ಅದರ ಎರಡನೇ ಆವೃತ್ತಿ ಬಂದವು. 200ಡಿ ಬ್ಯಾಟರಿ, ಕಾರ್ಡ್ ಸೇರಿ 453 ಗ್ರಾಂ. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್. ಇಷ್ಟು ಹಗುರಾಗಲು ಏನೇನು ಬಿಟ್ಟಿದ್ದಾರೆ ಎಂಬುದು ಕೈಯಲ್ಲಿ ಹಿಡಿದು ಕೆಲವು ವರ್ಷವಾದ ಮೇಲಷ್ಟೇ ತಿಳಿಯುತ್ತದೆ. ವ್ಯೂಫೈಂಡರ್‌ನಲ್ಲಿ ಗಾಜಿನ ಪ್ರಿಸಮ್ ಇಲ್ಲ, ಅದರ ಬದಲು ಕನ್ನಡಿಗಳ ಜೋಡಣೆ. ಹಾಗಾಗಿ ನೋಟ ಸಣ್ಣದು, ಮಂಕು. ವ್ಯೂಫೈಂಡರ್‌ನಿಂದ ನೋಡಿ ತೆಗೆಯುವಾಗ ಫೋಕಸ್‌ಗೆ ಒಂಬತ್ತು ಬಿಂದುಗಳು. ಅವುಗಳಲ್ಲಿ ಅಡ್ಡ ಗೆರೆ, ಉದ್ದ ಗೆರೆ ಎರಡನ್ನೂ ಹಿಡಿಯಬಲ್ಲ ಗಟ್ಟಿ ಬಿಂದು ನಡುವಿನದ್ದು ಒಂದೇ.

ಆದರೆ ಈ ಹಗುರತನವೇ ನನ್ನನ್ನು ಆಟದಿಂದ ಆಟಕ್ಕೆ ಕರೆದುಕೊಂಡು ಹೋಗಿದ್ದು. ಶಾಲೆ ಮುಗಿಸಿ, ಊಟ ಮಾಡಿ, ಸ್ಕೂಟರಿನ ಡಿಕ್ಕಿಯಲ್ಲಿ ಟಾರ್ಚಿನ ಪಕ್ಕ ಇಟ್ಟುಕೊಂಡರೆ ಆಯಿತು. ಬೆಳಗಿನ ಜಾವದವರೆಗೆ ಕೊರಳಲ್ಲಿ ನೇತಾಡಿದರೂ ಕತ್ತು ನೋಯುವುದಿಲ್ಲ. ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುವ ಕಲಾವಿದರ ಎದುರು ಚಕ್ಕಳಮಕ್ಕಳ ಹಾಕಿ ಕೂತರೆ ಅವರಿಗೆ ಅಷ್ಟಾಗಿ ಗಮನಕ್ಕೇ ಬರುವುದಿಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಡುವ ಬಣ್ಣದ ವೇಷದವರ ಕೈಯ ನಿಧಾನ, ಕನ್ನಡಿಯಲ್ಲಿ ಅವರು ತಮ್ಮನ್ನೇ ನೋಡಿಕೊಳ್ಳುವ ಬಗೆ ಎಲ್ಲವನ್ನೂ ಈ ಕ್ಯಾಮೆರಾ ನನಗೆ ಕೊಟ್ಟಿದೆ. ಅಲ್ಲಿ ಬೆಳಕು ಕಡಿಮೆಯಾದರೂ ಆಳು ಅಲುಗುವುದಿಲ್ಲ. ತೊಡಕಿರುವುದು ರಂಗಸ್ಥಳದಲ್ಲಿ.

ಮಗನಿಗೆ ಉತ್ತರ ಕೊಡುವ ಮೊದಲು ಒಂದು ಕೆಲಸ ಮಾಡಿದೆ. ಎಲ್ಲರೂ ತಮ್ಮ ಒಳ್ಳೆಯ ಫೋಟೋಗಳನ್ನು ನೋಡುತ್ತಾರೆ. ನಾನು ಕೆಟ್ಟವುಗಳನ್ನು ನೋಡಿದೆ. ಅಳಿಸದೆ ಉಳಿಸಿಕೊಂಡಿದ್ದ ಒಂದು ತಿರುಗಾಟದ ಹಾಳಾದ ಚಿತ್ರಗಳನ್ನೆಲ್ಲ ಮಳೆಗಾಲದಲ್ಲಿ ಕೂತು ಒಂದೊಂದಾಗಿ ತೆರೆದೆ. ಪ್ರತಿ ಚಿತ್ರದ ಒಳಗೇ ಅದರ ಜಾತಕ ಇರುತ್ತದೆ: ಶಟರ್ ವೇಗ ಎಷ್ಟು, ಅಪರ್ಚರ್ ಎಷ್ಟು, ಐಎಸ್‌ಒ ಎಷ್ಟು, ಯಾವ ಲೆನ್ಸ್. ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಹಾಳಾದ ಕಾರಣ ಬರೆಯುತ್ತ ಹೋದೆ. ಮಕ್ಕಳ ಉತ್ತರಪತ್ರಿಕೆ ತಿದ್ದುವ ಅಭ್ಯಾಸ ಇರುವವನಿಗೆ ಇದು ಕಷ್ಟದ ಕೆಲಸವಲ್ಲ.

ಅರ್ಧಕ್ಕಿಂತ ಹೆಚ್ಚು ಚಿತ್ರಗಳು ಹಾಳಾಗಿದ್ದು ಒಂದೇ ಕಾರಣಕ್ಕೆ. ಕ್ಯಾಮೆರಾದ ಜತೆ ಬಂದ 18-55 ಕಿಟ್ ಲೆನ್ಸನ್ನು ಪೂರ್ತಿ ಚಾಚಿದ್ದೆ, ಅಲ್ಲಿ ಅದರ ಅಪರ್ಚರ್ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್‌ಒ 3200ಕ್ಕೆ ಏರಿಸಿದರೂ ಶಟರ್ ಸಿಕ್ಕಿದ್ದು ಸೆಕೆಂಡಿನ 60ನೇ ಒಂದು ಭಾಗ. ಪುಂಡುವೇಷದವರು ಸುತ್ತಿ ಹಾರುವ ಧೀಂಗಿಣ ಹಾಕುವಾಗ ಆ ವೇಗಕ್ಕೆ ಸಿಗುವುದು ಬಣ್ಣದ ಬುಗುರಿ ಮಾತ್ರ. ಎರಡನೆಯ ದೊಡ್ಡ ರಾಶಿ ನನ್ನ ಕೈಯ ತಪ್ಪಿನದು. ಹಾರುವ ಆಳು ಮೇಲಕ್ಕೆ ಹೋಗಿ ಕೆಳಕ್ಕೆ ಇಳಿಯುವ ನಡುವೆ, ಆ ತುದಿಯಲ್ಲಿ, ಒಂದು ಗಳಿಗೆ ಗಾಳಿಯಲ್ಲಿ ನಿಂತಂತೆ ಇರುತ್ತಾನೆ. ನಾನು ಒತ್ತುತ್ತಿದ್ದದ್ದು ಅದು ಕಣ್ಣಿಗೆ ಕಂಡ ಮೇಲೆ, ಅಂದರೆ ತಡವಾಗಿ. ಫೋಕಸ್ ತಪ್ಪಿದ ಚಿತ್ರಗಳದ್ದು ಮೂರನೆಯ ರಾಶಿ. ಮೆಗಾಪಿಕ್ಸೆಲ್ ಸಾಲದೆ ಹಾಳಾದ ಚಿತ್ರ ಒಂದೂ ಇರಲಿಲ್ಲ. 24 ಮೆಗಾಪಿಕ್ಸೆಲ್ ಅಂದರೆ ಉದ್ದ 6000, ಅಗಲ 4000 ಚುಕ್ಕೆ. ಇಂಚಿಗೆ 300 ಚುಕ್ಕೆಯಂತೆ 12x18 ಇಂಚಿನ ಪ್ರಿಂಟ್ ಹಾಕಿಸಲು 5400x3600 ಸಾಕು. ನಮ್ಮ ಮೇಳದ ಕಲಾವಿದರೊಬ್ಬರ ಮನೆಯ ಚಾವಡಿಯಲ್ಲಿ ಆ ಅಳತೆಯ ನನ್ನ ಚಿತ್ರವೊಂದು ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ. ಹತ್ತಿರ ಹೋಗಿ ನೋಡಿದರೆ ಕಿರೀಟದ ಮಣಿಗಳನ್ನು ಎಣಿಸಬಹುದು.

ಆಗ ಒಂದು ಲೆಕ್ಕ ಹಾಕಿದೆ. ಈ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಅನ್ನುತ್ತೇನೆ.

ಫುಲ್ ಫ್ರೇಮ್ ಕ್ಯಾಮೆರಾದ ಸೆನ್ಸರ್ 36x24 ಮಿಲಿಮೀಟರ್. ನನ್ನದು 22.3x14.9. ಗುಣಿಸಿ ನೋಡಿದರೆ ದೊಡ್ಡದು ಚಿಕ್ಕದರ 2.6 ಪಟ್ಟು. ಅಂದರೆ ಅಷ್ಟೇ ಗ್ರೇನ್ ಬರುವ ಹಾಗೆ ಐಎಸ್‌ಒವನ್ನು ಹೆಚ್ಚುಕಮ್ಮಿ ಎರಡೂವರೆ ಪಟ್ಟು ಏರಿಸಬಹುದು, ಶಟರ್ ವೇಗವೂ ಅಷ್ಟೇ ಏರುತ್ತದೆ. ಅದಕ್ಕೆ ಖರ್ಚು ದೊಡ್ಡದು. ಇನ್ನು ಲೆನ್ಸ್ ಕಡೆಗೆ ಬನ್ನಿ. ಎಫ್ 5.6ರ ಜಾಗದಲ್ಲಿ ಎಫ್ 1.8 ಇದ್ದರೆ ಒಳಗೆ ಬರುವ ಬೆಳಕು ಎಷ್ಟು ಪಟ್ಟು? 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಬೇಕು. ಹತ್ತಿರ ಹತ್ತಿರ ಹತ್ತು ಪಟ್ಟು. 60ನೇ ಒಂದು ಸೆಕೆಂಡ್ ಇದ್ದದ್ದು ಅದೇ ಐಎಸ್‌ಒದಲ್ಲಿ, ಅದೇ ಹಳೆಯ ಬಾಡಿಯಲ್ಲಿ 500ನೇ ಒಂದು ಸೆಕೆಂಡ್ ದಾಟುತ್ತದೆ.

ಕ್ಯಾನನ್‌ನ ಇಎಫ್ 85 ಎಂಎಂ ಎಫ್ 1.8 ಲೆನ್ಸ್ 1992ರಿಂದ ಇದೆ. ಸೆಕೆಂಡ್ ಹ್ಯಾಂಡ್ ಧಾರಾಳ ಸಿಗುತ್ತದೆ. ಮೊದಲ ಸಲ ನಾನು ಕೊಂಡದ್ದರಲ್ಲಿ ಮೋಸಹೋದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಥಳಥಳ ಹೊಳೆಯುತ್ತಿದ್ದ ಗಾಜಿನೊಳಕ್ಕೆ ಮನೆಗೆ ಬಂದು ಟಾರ್ಚ್ ಬಿಟ್ಟು ನೋಡಿದರೆ ಅಂಚಿನಲ್ಲಿ ಜೇಡರ ಬಲೆಯಂಥ ಸಣ್ಣ ಎಳೆಗಳು. ಫಂಗಸ್. ಕರಾವಳಿಯ ಮಳೆಗಾಲ ತಿಂದ ಲೆನ್ಸ್ ಅದು. ವಾಪಸ್ ಕೊಡಲು ಎರಡು ಸಲ ಅಲೆದೆ, ಅವರು ಅರ್ಧ ದುಡ್ಡು ಮಾತ್ರ ಕೊಟ್ಟರು. ಎರಡನೆಯದನ್ನು ಕೊಳ್ಳುವಾಗ ಟಾರ್ಚ್ ಜೇಬಿನಲ್ಲೇ ಇತ್ತು. ಹಿಂದಿನ ಗಾಜಿನಿಂದ ಬೆಳಕು ಬಿಟ್ಟು, ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಪಸೆ ಇದೆಯೇ ನೋಡಿ, ಫೋಕಸ್ ರಿಂಗ್ ತಿರುಗಿಸಿ, ಹತ್ತು ಚಿತ್ರ ತೆಗೆದು ಆಮೇಲೆ ದುಡ್ಡು ಕೊಟ್ಟೆ. ನಮ್ಮ ಕಡೆಯವರು ಯಾವ ಕ್ಯಾಮೆರಾ ಕೊಳ್ಳಲಿ, ಬಿಡಲಿ, ಮೊದಲು ಗಾಳಿಯಾಡದ ಒಂದು ಡಬ್ಬಿ, ತೇವ ತೋರಿಸುವ ಪುಟ್ಟ ಮೀಟರ್, ಒಂದಿಷ್ಟು ಸಿಲಿಕಾ ಜೆಲ್ ಕೊಳ್ಳಬೇಕು. ಡಬ್ಬಿಯೊಳಗೆ ತೇವಾಂಶ ಶೇ 40-50ರ ನಡುವೆ ಇರಬೇಕು. ಆಷಾಢದಲ್ಲಿ ಬ್ಯಾಗಿನೊಳಗೇ ಬಿಟ್ಟ ಲೆನ್ಸಿಗೆ ಯಾವ ಕಂಪನಿಯ ಹೆಸರೂ ಕಾವಲಲ್ಲ.

85ರ ಲೆನ್ಸ್ ಹಾಕಿದ ಮೊದಲ ರಾತ್ರಿ ಕಣ್ಣಲ್ಲಿ ನೀರು ಬಂತು ಅಂದರೆ ಉತ್ಪ್ರೇಕ್ಷೆಯಲ್ಲ. ಚಂಡ-ಮುಂಡರು ಗಾಳಿಯಲ್ಲಿ ನಿಂತಿದ್ದರು. ಗೆಜ್ಜೆಯ ಒಂದೊಂದು ಗುಂಡೂ, ಹಾರಿದ ಬೆವರ ಹನಿಯೂ ಬೇರೆ ಬೇರೆ ಕಾಣುತ್ತಿತ್ತು. ಎಂಟು ಮೀಟರ್ ಹಿಂದೆ ನಿಂತರೆ ಕಿರೀಟದಿಂದ ಗೆಜ್ಜೆಯವರೆಗೆ ಒಂದಾಳು ಅಚ್ಚುಕಟ್ಟಾಗಿ ಚೌಕಟ್ಟಿನಲ್ಲಿ ಕೂರುತ್ತಾನೆ. ಹಾರುವ ಗಳಿಗೆಯ ಗುಟ್ಟನ್ನು ಹೇಳಿಕೊಟ್ಟವರು ಚಂಡೆ ಬಾರಿಸುವವರು. "ಮಾಷ್ಟ್ರೇ, ನೀವು ಕಾಲು ನೋಡಿ ತೆಗೀತೀರಿ. ನಮ್ಮ ಕೈ ಕೇಳಿ ತೆಗೀರಿ" ಅಂದರು. ಮುಕ್ತಾಯಕ್ಕೆ ಬರುವಾಗ ಪೆಟ್ಟು ಹೇಗೆ ಒತ್ತೊತ್ತಾಗುತ್ತದೆ ಎಂದು ಚೌಕಿಯ ಹಲಗೆಯ ಮೇಲೆ ಬೆರಳಲ್ಲಿ ಬಾರಿಸಿ ತೋರಿಸಿದರು. ಅವರಿಂದ ಕಲಿತ ಮೇಲೆ ನನ್ನ ಎರಡನೆಯ ರಾಶಿ ಕರಗಿತು, ಒಂದು ಪೈಸೆ ಖರ್ಚಿಲ್ಲದೆ.

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಬಹಳ ಜನರಿಗೆ ಇಲ್ಲಿಗೇ ಮುಗಿಯುತ್ತದೆ ಕೂಡ. ನಮ್ಮ ಶಾಲೆಯ ಟೀಚರ್ ಒಬ್ಬರು, "ಸರ್, ನನ್ನ 1300ಡಿ ಕೊಟ್ಟು ಹೊಸತು ತಗೊಳ್ಳಲಾ? ಮನೆಯೊಳಗೆ ಮಕ್ಕಳ ಫೋಟೋ ಬರೋದೇ ಇಲ್ಲ" ಎಂದು ಕೇಳಿದರು. ಕ್ಯಾಮೆರಾ ತರಿಸಿ ನೋಡಿದರೆ ಡಯಲ್ ಇನ್ನೂ ಹಸಿರು ಆಟೋ ಗುರುತಿನಲ್ಲಿ, ಲೆನ್ಸ್ ಅದೇ ಕಿಟ್ ಲೆನ್ಸ್. 50 ಎಂಎಂ ಎಫ್ 1.8 ಎಸ್‌ಟಿಎಂ ಲೆನ್ಸ್ ಕೊಡಿಸಿ, ಡಯಲನ್ನು ಎವಿ ಮೇಲಿಟ್ಟು, ಮಗುವನ್ನು ಕಿಟಕಿಯ ಪಕ್ಕ ಕೂರಿಸಲು ಹೇಳಿದೆ. ಅವರು ಈಗ ಹೊಸ ಕ್ಯಾಮೆರಾದ ಮಾತೆತ್ತುವುದಿಲ್ಲ.

ನನಗೆ ಮುಗಿಯಲಿಲ್ಲ. ಎಫ್ 1.8 ಬೆಳಕು ಕೊಡುತ್ತದೆ, ಆದರೆ ಅದಕ್ಕೆ ಬೆಲೆ ಕೇಳುತ್ತದೆ. ಈ ಲೆನ್ಸಿನಲ್ಲಿ ಎಂಟು ಮೀಟರ್ ದೂರದ ಆಳಿಗೆ ಫೋಕಸ್‌ನ ಆಳ ಎರಡಡಿ. ಐದು ಮೀಟರಿಗೆ ಬಂದರೆ ಒಂದೇ ಗೇಣು. ರಂಗಸ್ಥಳದಲ್ಲಿ ಎಡಕ್ಕೆ ಬಲಕ್ಕೆ ಕುಣಿಯುವವರನ್ನು ನಡುವಿನ ಬಿಂದುವಿನಿಂದ ಹಿಡಿದುಕೊಳ್ಳುವೆ. ಆದರೆ ನನ್ನೆದುರಿಗೇ ನುಗ್ಗಿ ಬರುವವನನ್ನು ಒಂದು ಗೇಣಿನೊಳಗೆ ಹಿಡಿಯಬೇಕು, ಅದೂ ಕತ್ತಲಲ್ಲಿ. 200ಡಿಯ ವ್ಯೂಫೈಂಡರ್ ಫೋಕಸ್ ಕೆಲಸ ಮಾಡುವ ಕನಿಷ್ಠ ಬೆಳಕು ಮೈನಸ್ 0.5 ಇವಿ. ಅದಕ್ಕಿಂತ ಕತ್ತಲಾದರೆ ಲೆನ್ಸ್ ತಡಕಾಡತೊಡಗುತ್ತದೆ. ಹಿಂದಿನ ಪರದೆಯಲ್ಲಿ ನೋಡಿ ತೆಗೆದರೆ ಈ ಕ್ಯಾಮೆರಾದ ಫೋಕಸ್ ಬೇರೆಯೇ ರೀತಿಯದು, ಸೆನ್ಸರಿನಿಂದಲೇ ನಡೆಯುತ್ತದೆ, ಮುಖವನ್ನೂ ಗುರುತಿಸುತ್ತದೆ. ಸ್ತ್ರೀವೇಷ, ಪುಂಡುವೇಷಗಳ ಮುಖ ಅದಕ್ಕೆ ತಿಳಿಯುತ್ತಿತ್ತು. ಚುಟ್ಟಿ ಇಟ್ಟ ಬಣ್ಣದ ವೇಷವನ್ನು ಅದು ಮನುಷ್ಯ ಎಂದು ಒಪ್ಪಿಕೊಳ್ಳಲೇ ಇಲ್ಲ. ಫ್ಲ್ಯಾಶ್ ಹಾಕಬಹುದಲ್ಲ ಎಂದು ಕೇಳುತ್ತಾರೆ. ದೊಂದಿ ಬೆಳಕಿನಲ್ಲಿ ಬರುವವನ ಕಣ್ಣಿಗೆ ಫ್ಲ್ಯಾಶ್ ಹೊಡೆಯುವುದು ಆ ಕಲಾವಿದನಿಗೂ ಆ ರಾತ್ರಿಗೂ ಮಾಡುವ ಅನ್ಯಾಯ. ನಾನು ಹಾಕುವುದಿಲ್ಲ.

ಹೀಗೆ ನನಗೊಂದು ಹೆಸರಿರುವ ಕೊರತೆ ಸಿಕ್ಕಿತು. "ಚಿತ್ರ ಚೆನ್ನಾಗಿ ಬರಬೇಕು" ಎಂಬುದನ್ನು ಹಿಡಿದುಕೊಂಡು ಅಂಗಡಿಗೆ ಹೋದರೆ ಅವರು ತೋರಿಸಿದ್ದೆಲ್ಲ ಬೇಕೆನಿಸುತ್ತದೆ. "ಕತ್ತಲಲ್ಲಿ ನನ್ನೆದುರಿಗೆ ಬರುವ ಬಣ್ಣದ ವೇಷದ ಮುಖಕ್ಕೆ ಫೋಕಸ್ ನಿಲ್ಲಬೇಕು" ಎಂದು ಹೇಳಿದರೆ ಅಂಗಡಿಯ ಮುಕ್ಕಾಲು ಪಾಲು ಅಲ್ಲೇ ಪಕ್ಕಕ್ಕೆ ಸರಿಯುತ್ತದೆ.

ಆದರೆ ಏರಬೇಕಾದ ಏಣಿಯೇ ಈಗ ಇಲ್ಲ. ಹಿಂದೆ ಡಿಎಸ್‌ಎಲ್‌ಆರ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗಬಹುದಿತ್ತು. 2018ರಲ್ಲಿ ನಿಕಾನ್ ಝಡ್ ಮೌಂಟ್, ಕ್ಯಾನನ್ ಆರ್‌ಎಫ್ ಮೌಂಟ್ ತಂದು ಮಿರರ್‌ಲೆಸ್ ಕಡೆಗೆ ತಿರುಗಿದವು. 2020ರ ನಂತರ ಈ ಎರಡು ಕಂಪನಿಗಳಿಂದ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. ಹಾಗೆಂದು ಕೈಯಲ್ಲಿರುವುದು ಹಾಳಾಯಿತೇ? ಇಲ್ಲ. 1987ರಿಂದ ಮಾಡಿದ ಇಎಫ್ ಲೆನ್ಸ್‌ಗಳ ಸಂತೆ ತುಂಬಿಕೊಂಡಿದೆ, ಜನ ಮಾರಿ ಹೋಗುತ್ತಿರುವುದರಿಂದ ಬೆಲೆಯೂ ಇಳಿದಿದೆ. ಹಗಲಲ್ಲಿ ಚಿತ್ರ ತೆಗೆಯುವವರಿಗೆ, ಕಲಿಯುವವರಿಗೆ ಇದು ಸುಗ್ಗಿಕಾಲ.

ನನ್ನ ಮುಂದಿದ್ದದ್ದು ಎರಡು ದಾರಿ. ಒಂದು, ಸೆಕೆಂಡ್ ಹ್ಯಾಂಡ್ ಕ್ಯಾನನ್ 80ಡಿ. 2016ರ ಈ ಕ್ಯಾಮೆರಾದಲ್ಲಿ 45 ಫೋಕಸ್ ಬಿಂದುಗಳು, ಎಲ್ಲವೂ ಗಟ್ಟಿ ಬಿಂದುಗಳೇ. ಮೈನಸ್ 3 ಇವಿ ಕತ್ತಲಿನವರೆಗೆ ಫೋಕಸ್ ನಿಲ್ಲುತ್ತದೆ. ನನ್ನ ಲೆನ್ಸ್‌ಗಳೆಲ್ಲ ಹಾಗೇ ಕೂರುತ್ತವೆ. ಬೆಲೆಯೂ ಕೈಗೆ ಎಟಕುವಷ್ಟು. ಆದರೆ ತೂಕ 730 ಗ್ರಾಂ. ಎರಡು ದಿನ ಒಬ್ಬರಿಂದ ತಂದು ಕೊರಳಿಗೆ ಹಾಕಿಕೊಂಡೆ. ಎರಡನೇ ರಾತ್ರಿ ಅದನ್ನು ಸ್ಕೂಟರಿನಲ್ಲೇ ಬಿಟ್ಟು ಆಟಕ್ಕೆ ಕೂತಿದ್ದೆ. ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕವನ್ನು ನಿಕಾನ್ ಪ್ರತಿ ಚಿತ್ರದೊಳಗೇ ಬರೆದಿಡುತ್ತದೆ. ಕ್ಯಾನನ್ ಬಹುತೇಕ ಮಾಡೆಲ್‌ಗಳಲ್ಲಿ ಹಾಗೆ ಬರೆಯುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ನೋಡಬೇಕು. ಮಾರುವವರ ಬಾಯಿಮಾತು ನಂಬಬೇಡಿ.

ಎರಡನೇ ದಾರಿ ಕ್ಯಾನನ್‌ನದೇ ಆರ್8. 2023ರಲ್ಲಿ ಬಂದ ಫುಲ್ ಫ್ರೇಮ್ ಮಿರರ್‌ಲೆಸ್. ತೂಕ ನೋಡಿ ನಾನು ಎರಡು ಸಲ ಕಣ್ಣುಜ್ಜಿಕೊಂಡೆ: 461 ಗ್ರಾಂ. ನನ್ನ ಪುಟ್ಟ 200ಡಿಗಿಂತ ಎಂಟು ಗ್ರಾಂ ಹೆಚ್ಚು, ಅಷ್ಟೆ. ಬ್ಯಾಟರಿ ಕೂಡ ಅದೇ ಎಲ್‌ಪಿ-ಇ17. ನನ್ನ 85ರ ಲೆನ್ಸ್ ಅಡಾಪ್ಟರ್ ಹಾಕಿದರೆ ಕೂರುತ್ತದೆ. ಕೊರತೆಗಳನ್ನೂ ಬರೆದುಕೊಂಡೆ. ಕಿಟ್ ಲೆನ್ಸಿನಂಥ ಇಎಫ್-ಎಸ್ ಲೆನ್ಸ್‌ಗಳನ್ನು ಹಾಕಿದರೆ ಸೆನ್ಸರಿನ ನಡುಭಾಗ ಮಾತ್ರ ಬಳಕೆಯಾಗಿ ಚಿತ್ರ ಒಂಬತ್ತು ಮೆಗಾಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಸಣ್ಣ ಸೆನ್ಸರಿನಿಂದ 85ಕ್ಕೆ ಸಿಗುತ್ತಿದ್ದ 1.6 ಪಟ್ಟಿನ ಬಿಗಿ ಚೌಕಟ್ಟು ಹೋಗುತ್ತದೆ, ಇನ್ನಷ್ಟು ಮುಂದೆ ಹೋಗಿ ನಿಲ್ಲಬೇಕು. 200ಡಿ ಒಂದು ಬ್ಯಾಟರಿಗೆ 650 ಚಿತ್ರ ಕೊಡುತ್ತದೆ ಎಂದು ಕಂಪನಿಯ ಲೆಕ್ಕ, ಇದು ವ್ಯೂಫೈಂಡರ್‌ನಲ್ಲಿ ಅದರ ಅರ್ಧವನ್ನೂ ಕೊಡುವುದಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ರಂಗಸ್ಥಳದ ಎಲ್‌ಇಡಿ ದೀಪಗಳಿಗೆ ಚಿತ್ರದ ಮೇಲೆ ಪಟ್ಟೆ ಪಟ್ಟೆ ಬೀಳಬಹುದು.

ಕಾಗದದ ಮೇಲಿನ ಲೆಕ್ಕ ಇಷ್ಟಕ್ಕೇ ನಿಲ್ಲುತ್ತದೆ. ಮದುವೆ ಫೋಟೋ ತೆಗೆಯುವ ಗೆಳೆಯನೊಬ್ಬನ ಬಳಿ ಆರ್8 ಇತ್ತು. "ಇದು ನನಗೆ ಎರಡನೇ ಕ್ಯಾಮೆರಾ ಮಾರಾಯ, ಕಾರ್ಡ್ ಸ್ಲಾಟ್ ಒಂದೇ. ಧಾರೆ ಎರೆಯುವ ಫೋಟೋ ಕಾರ್ಡ್ ಸಮೇತ ಹೋದ್ರೆ ಮದುವೆ ಇನ್ನೊಂದ್ಸಲ ಮಾಡ್ಸಕ್ಕಾಗ್ತದಾ? ಒಂದು ರಾತ್ರಿಗೆ ತಗೊಂಡು ಹೋಗು" ಎಂದು ಕೊಟ್ಟ. ಅವನಿಗೆ ಬೇಕಾದದ್ದು ಎರಡು ಕಾರ್ಡಿನ ಕ್ಯಾಮೆರಾ, ನನಗೆ ಆ ಚಿಂತೆಯಿಲ್ಲ. ಅವನ ಕೊರತೆಯ ಹೆಸರೇ ಬೇರೆ.

ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಗೆ ಇನ್ನು ಕೆಲವೇ ದಿನ ಇದ್ದ ಒಂದು ರಾತ್ರಿ. ಹರಕೆಯ ಆಟ, ದೇವಿ ಮಹಾತ್ಮೆ. ಮೋಡ ಕಟ್ಟಿ ಸೆಖೆ ಏರಿತ್ತು. ನನ್ನದೇ ಬ್ಯಾಟರಿ, ನನ್ನದೇ 85. ಗದ್ದೆಯಂಚಿನಲ್ಲಿ ಅದೇ ಜಾಗದಲ್ಲಿ ನಿಂತು ವ್ಯೂಫೈಂಡರಿಗೆ ಕಣ್ಣಿಟ್ಟೆ. 200ಡಿಯಲ್ಲಿ ಅಲ್ಲಿ ಬರೀ ಕಪ್ಪು ಕಾಣುತ್ತಿತ್ತು. ಇದರೊಳಗೆ ಸಣ್ಣ ಟಿವಿ ಪರದೆಯ ಹಾಗೆ ದಾರಿ ಕಾಣುತ್ತಿದೆ, ಬದುವಿನ ಮೇಲೆ ದೊಂದಿ ಹಿಡಿದು ಕಾಯುತ್ತಿರುವ ಹುಡುಗರು ಕಾಣುತ್ತಿದ್ದಾರೆ, ಅವರ ಹಿಂದೆ ಬೆನ್ನು ಮಾಡಿ ನಿಂತು ಉಸಿರು ಎಳೆದುಕೊಳ್ಳುತ್ತಿರುವ ಮಹಿಷನ ಕೋಡು ಕಾಣುತ್ತಿದೆ. ನನ್ನ ಬರಿಗಣ್ಣಿಗೂ ಕಾಣದ್ದು.

ಆರ್ಭಟ ಎದ್ದಿತು. ಅವನು ತಿರುಗಿದ. ಚೌಕಟ್ಟಿನಲ್ಲಿ ಪುಟ್ಟ ಪೆಟ್ಟಿಗೆಯೊಂದು ಅವನ ಕಣ್ಣನ್ನು ಹುಡುಕಿ ಸೋತಿತು, ಆದರೆ ತಲೆಯನ್ನು ಹಿಡಿಯಿತು. ಹಿಡಿದದ್ದನ್ನು ಬಿಡಲಿಲ್ಲ. ರಾಳ ಭಗ್ಗೆಂದಿತು, ಒತ್ತಿದೆ. ಕತ್ತಲಾಯಿತು, ಪೆಟ್ಟಿಗೆ ಅಲ್ಲೇ ಇತ್ತು. ಮತ್ತೆ ಬೆಂಕಿ, ಮತ್ತೆ ಒತ್ತಿದೆ. ಅವನು ನನ್ನನ್ನು ದಾಟುವಾಗ ಬಣ್ಣದ, ಬೆವರಿನ, ಸುಟ್ಟ ರಾಳದ ವಾಸನೆ ಒಟ್ಟಿಗೇ ಬಂತು.

ಮನೆಗೆ ಬಂದು ಬೆಳಗಿನ ಕಾಫಿಗೆ ಮೊದಲೇ ಕಂಪ್ಯೂಟರ್ ತೆರೆದೆ. ಐದು ಚಿತ್ರಗಳಲ್ಲಿ ಮುಖ ನಿಂತಿತ್ತು. ಒಂದರಲ್ಲಿ ಚುಟ್ಟಿಯ ಬಿಳಿ ಮುಳ್ಳುಗಳು ಒಂದೊಂದಾಗಿ, ಎಡಗಣ್ಣಿನ ಕೆಂಪಿನಲ್ಲಿ ದೊಂದಿಯ ಪ್ರತಿಬಿಂಬ. ಆದರೆ ಅವನ ಹಿಂದೆ ಎದ್ದ ಜ್ವಾಲೆ ಬಣ್ಣವೇ ಇಲ್ಲದೆ ಬಿಳಿಯಾಗಿ ಸುಟ್ಟುಹೋಗಿತ್ತು. ಬೆಂಕಿ ಏಳುವ ಮೊದಲೇ ಎಕ್ಸ್‌ಪೋಷರ್ ಎರಡು ಸ್ಟಾಪ್ ಇಳಿಸಿ ಇಡಬೇಕಿತ್ತು, ಇಳಿಸಿರಲಿಲ್ಲ. ನೋಟ್‌ಬುಕ್ ತೆಗೆದು ಬರೆದುಕೊಂಡೆ.

ಮಗನಿಗೆ ಫೋನ್ ಮಾಡಿ ಕ್ಯಾಮೆರಾದ ಹೆಸರು ಹೇಳಿದೆ. ಅರ್ಧ ದುಡ್ಡು ನನ್ನದು, ಅರ್ಧ ಅವನದು. ದೀಪಾವಳಿ ಕಳೆದು ಮೇಳಗಳು ಹೊರಡುವ ಹೊತ್ತಿಗೆ ತಂದುಕೊಡುತ್ತಾನೆ. 200ಡಿಯನ್ನು ಮಾರುವುದಿಲ್ಲ. ಅದಕ್ಕೆ 24 ಎಂಎಂನ ತೆಳ್ಳಗಿನ ಇಎಫ್-ಎಸ್ ಲೆನ್ಸ್ ಹಾಕಿ ಚೌಕಿಗೆ ಇಟ್ಟುಕೊಂಡಿದ್ದೇನೆ. ಮೂರು ಹಳೆಯ ಬ್ಯಾಟರಿಗಳಿಗೆ ಒಂದು, ಎರಡು, ಮೂರು ಎಂದು ಸ್ಟಿಕ್ಕರ್ ಅಂಟಿಸಿದ್ದೇನೆ. ಎರಡೂ ಕ್ಯಾಮೆರಾಗಳಿಗೆ ಅವೇ ಆಗುತ್ತವೆ.